ಶೆಟ್ಲಿಗೆ ದಮ್ ಕಾಯುವ ತಾಳ್ಮೆ ಇಲ್ಲ

ಕುರಿ ಮಾಂಸ ಮೆತ್ತಗಾಗಲು ಒಲೆಯ ಮೇಲೆ ಕಡಿಮೆಯೆಂದರೂ ಒಂದು ತಾಸು ಬೇಕು. ಕೋಳಿಗೆ ಅರ್ಧ ತಾಸು. ಶೆಟ್ಲಿಗೆ, ಅಂದರೆ ಸಿಗಡಿಗೆ, ಮೂರು ನಿಮಿಷ ಸಾಕು, ಐದಾದರೆ ಹೆಚ್ಚಾಯಿತು. ಬಿರಿಯಾನಿ ಎಂಬ ಅಡುಗೆ ಹುಟ್ಟಿದ್ದು ಮಾಂಸದ ಲೆಕ್ಕಕ್ಕೆ. ಹಸಿ ಮಾಂಸದ ಮೇಲೆ ಅರೆಬೆಂದ ಅಕ್ಕಿ ಹರಡಿ, ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿ, ಮೇಲೂ ಕೆಳಗೂ ಕೆಂಡವಿಟ್ಟು ಹೊತ್ತುಗಟ್ಟಲೆ ಕಾಯುವ ದಮ್ ಅದರ ಒಂದು ಹಳೆಯ ಕ್ರಮ. ಅದೇ ಕ್ರಮಕ್ಕೆ ಶೆಟ್ಲಿಯನ್ನು ಒಗ್ಗಿಸಹೋದರೆ ಮುಚ್ಚಳ ತೆಗೆಯುವ ಹೊತ್ತಿಗೆ ಅನ್ನದ ನಡುವೆ ಸುರುಟಿಕೊಂಡ ರಬ್ಬರಿನ ಚೂರುಗಳು ಸಿಗುತ್ತವೆ.

ಬಿರಿಯಾನಿ ಬೇಯಿಸುವ ಸಮುದ್ರ ತೀರದ ಊರುಗಳೆಲ್ಲ ಈ ತೊಡಕಿಗೆ ತಮ್ಮದೇ ದಾರಿ ಕಂಡುಕೊಂಡಿವೆ. ಬಂಗಾಳದವರು ತಮ್ಮ ಸಿಗಡಿಯಾದ ಚಿಂಗ್ರಿಯನ್ನು ಸಾಸಿವೆ ಎಣ್ಣೆಯಲ್ಲಿ ಬೇರೆಯಾಗಿ ಬಾಡಿಸಿ ತೆಗೆದಿಟ್ಟು, ಕೊನೆಯಲ್ಲಿ ಅನ್ನದ ಪದರದೊಳಗೆ ಅಡಗಿಸುತ್ತಾರೆ. ಉತ್ತರ ಕನ್ನಡದ ಭಟ್ಕಳದಲ್ಲಿ ಹೊಸ ಏರ್ಪಾಡು ಬೇಕಾಗಲೇ ಇಲ್ಲ. ಅಲ್ಲಿನ ನವಾಯತ ಮುಸ್ಲಿಮರ ಮನೆಗಳಲ್ಲಿ ಆಡು, ಕುರಿ, ಕೋಳಿಗೆ ನಡೆಯುವ ಕ್ರಮವೇ ಶೆಟ್ಲಿಗೂ ಹೇಳಿ ಮಾಡಿಸಿದಂತಿದೆ. ಭಟ್ಕಳದ ಬಿರಿಯಾನಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅರಬ್ ವರ್ತಕರಿಂದ, ಇಲ್ಲವೇ ಪರ್ಷಿಯಾದಿಂದ ಶುರುಮಾಡುತ್ತಾರೆ. ಈರುಳ್ಳಿಯಿಂದ ಶುರುಮಾಡುವುದು ಒಳ್ಳೆಯದು.

ಯಾಕೆಂದರೆ ಈ ಬಿರಿಯಾನಿಯಲ್ಲಿ ಮಾಂಸದಷ್ಟೇ ಈರುಳ್ಳಿ ಇರುತ್ತದೆ. ಒಂದು ಕಿಲೋಗೆ ಒಂದು ಕಿಲೋ ಎಂಬುದು ಸಾಧಾರಣ ಅಳತೆ. ಕೈ ದೊಡ್ಡದಿರುವ ಮನೆಯಲ್ಲಿ ಇನ್ನೂ ಹೆಚ್ಚು. ಹೈದರಾಬಾದಿನಲ್ಲಿ, ಲಖನೌದಲ್ಲಿ ಈರುಳ್ಳಿಯನ್ನು ಕಂದುಬಣ್ಣಕ್ಕೆ ಗರಿಗರಿಯಾಗಿ ಕರಿದು ಮೇಲೆ ಉದುರಿಸುವುದೇ ದೊಡ್ಡ ಮಾತು. ಭಟ್ಕಳದಲ್ಲಿ ಅದು ಅಡಿಪಾಯ. ತೆಳ್ಳಗೆ ಸೀಳಿದ ಈರುಳ್ಳಿ ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆಯ ಜೊತೆ ಬೀಳುತ್ತದೆ. ಮೊದಲ ಹತ್ತು ನಿಮಿಷ ಅದು ನೀರು ಬಿಡುತ್ತಲೇ ಇರುತ್ತದೆ, ಬಣ್ಣ ತಿರುಗುವುದಿಲ್ಲ. ಅವಸರದವರು ಆಗ ಉರಿ ಜಾಸ್ತಿ ಮಾಡಿ ಅಂಚು ಕರಕಲಾಗಿಸಿಕೊಳ್ಳುತ್ತಾರೆ. ಬಲ್ಲವರು ಮುಚ್ಚಿ, ಆಗಾಗ ಕೈಯಾಡಿಸಿ, ಅದು ತಾನಾಗಿ ಕುಸಿಯುವವರೆಗೆ ಬಿಡುತ್ತಾರೆ. ಪಾತ್ರೆಯ ಕಂಠದವರೆಗಿದ್ದ ಈರುಳ್ಳಿ ತಳದ ಕಾಲುಭಾಗಕ್ಕೆ ಇಳಿದು, ಸೌಟಿನ ಬೆನ್ನಿನಿಂದ ಒತ್ತಿದರೆ ಮಸೆದುಹೋಗುವಂತಾದಾಗ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಸೇರುತ್ತವೆ. ಆಮೇಲೆ ಟೊಮೆಟೊ, ಅರಿಶಿನ, ಕೊತ್ತಂಬರಿ ಪುಡಿ, ಗರಂ ಮಸಾಲೆ, ಕೊತ್ತಂಬರಿ–ಪುದೀನ ಸೊಪ್ಪು, ಕರಾವಳಿಯ ಗುರುತಾಗಿ ಒಂದಷ್ಟು ಕರಿಬೇವು. ಎಣ್ಣೆ ಬದಿಗೆ ಬಿಟ್ಟುಕೊಂಡಾಗ ಮಸಾಲೆ ಆಯಿತು. ಇಷ್ಟಕ್ಕೇ ಒಂದು ತಾಸು ಹಿಡಿಯುತ್ತದೆ. ಅಲ್ಲಿಯವರೆಗೆ ಶೆಟ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪು–ಅರಿಶಿನ ಸವರಿಕೊಂಡು ಸುಮ್ಮನೆ ಕೂತಿರುತ್ತದೆ.

ಇಡೀ ಹೊತ್ತು ಕಾಯುವ ಕೆಲಸವನ್ನು ಈರುಳ್ಳಿ ಮುಗಿಸಿಕೊಡುತ್ತದೆ ಎಂಬುದೇ ಇದರ ಜಾಣತನ. ಮಾಂಸದ ಬಿರಿಯಾನಿಯಲ್ಲಿ ಗ್ರೇವಿಗೆ ಮೈ ಬರುವುದು ಮೂಳೆ–ನರಗಳಿಂದ ಇಳಿದ ಜಿಗುಟಿನಿಂದ. ಶೆಟ್ಲಿಯಲ್ಲಿ ಅದು ಇಲ್ಲ, ಇದ್ದಿದ್ದರೂ ಇಳಿಯುವಷ್ಟು ಹೊತ್ತು ಬೇಯಿಸುವಂತಿಲ್ಲ. ಆ ಕೊರತೆಯನ್ನು ತುಂಬುವುದು ಮಸೆದುಹೋದ ಈರುಳ್ಳಿ. ಅನ್ನ ಬೇರೆ ಪಾತ್ರೆಯಲ್ಲಿ, ಉಪ್ಪು–ಚಕ್ಕೆ–ಲವಂಗ–ಏಲಕ್ಕಿ ಹಾಕಿದ ನೀರಿನಲ್ಲಿ ಬೆಂದು, ಗಂಜಿ ಬಸಿದುಕೊಂಡು ಸಿದ್ಧವಾದ ಮೇಲೆಯೇ ಶೆಟ್ಲಿ ಮಸಾಲೆಗೆ ಇಳಿಯುತ್ತದೆ. ಒಂದೆರಡು ನಿಮಿಷಕ್ಕೆ ಮೈ ಬಾಗಿ ಬಣ್ಣ ತಿರುಗುತ್ತಿದ್ದಂತೆ ಅನ್ನ ಮೇಲೆ ಬೀಳಬೇಕು. ತುಪ್ಪ, ಕೇಸರಿ ನೆನೆಸಿದ ಹಾಲು ಅಥವಾ ಕೇಸರಿ ಬಣ್ಣದ ನೀರು ಅಲ್ಲಲ್ಲಿ, ಮುಚ್ಚಳ, ಸಣ್ಣ ಉರಿ. ಸ್ವಲ್ಪ ಹೊತ್ತಿನ ಆವಿಯಲ್ಲಿ ಉಳಿದ ಬೇಯುವಿಕೆ ಮುಗಿಯುತ್ತದೆ. ಬಡಿಸುವಾಗ ತಟ್ಟೆಯಲ್ಲಿ ಅನ್ನ ಬಹುಪಾಲು ಬಿಳಿಯಾಗಿ, ಅಲ್ಲಲ್ಲಿ ಕಿತ್ತಳೆ ಗೆರೆಗಳೊಂದಿಗೆ ಕಾಣುತ್ತದೆ. ಮಸಾಲೆ ಕೆಳಗಿನಿಂದ ಬರುತ್ತದೆ. ಎಷ್ಟು ಬೆರೆಸಿಕೊಳ್ಳಬೇಕೆಂಬುದು ಉಣ್ಣುವವರ ಕೈಗೆ ಬಿಟ್ಟದ್ದು.

ಶೆಟ್ಲಿ ಕೆಂಪಾಗುವುದು ಬರೀ ಚಂದಕ್ಕಲ್ಲ. ಅದರ ಚಿಪ್ಪಿನಲ್ಲಿ ಅಸ್ಟಾಕ್ಸಾಂಥಿನ್ ಎಂಬ ಕಿತ್ತಳೆ ಬಣ್ಣದ ಪದಾರ್ಥ ಮೊದಲೇ ಇರುತ್ತದೆ. ಜೀವ ಇರುವಾಗ ಒಂದು ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದಿಟ್ಟಿರುವುದರಿಂದ ಹೊರಗೆ ಬೂದು–ನೀಲಿಯಾಗಿ ಕಾಣುತ್ತದೆ. ಬಿಸಿ ತಾಗಿದಾಗ ಪ್ರೋಟೀನು ಬಿಚ್ಚಿಕೊಳ್ಳುತ್ತದೆ, ಬಣ್ಣ ಬಿಡುಗಡೆಯಾಗುತ್ತದೆ. ಈ ಬಣ್ಣ ಕರಗುವುದು ನೀರಿನಲ್ಲಲ್ಲ, ಎಣ್ಣೆಯಲ್ಲಿ. ಆದ್ದರಿಂದಲೇ ತಲೆ ಮತ್ತು ಸಿಪ್ಪೆಯನ್ನು ಎಸೆಯದೆ ಮೊದಲು ಎಣ್ಣೆಯಲ್ಲಿ ಹುರಿದು, ಸೋಸಿ, ಅದೇ ಎಣ್ಣೆಯಲ್ಲಿ ಈರುಳ್ಳಿ ಹಾಕಿದರೆ ಮಸಾಲೆಗೆ ಬಣ್ಣವೂ ರುಚಿಯೂ ಕೂಡಿ ಬರುತ್ತವೆ. ಕೃತಕ ಕೇಸರಿ ಬಣ್ಣದ ಪೊಟ್ಟಣ ಆಗ ಅಂಗಡಿಯಲ್ಲೇ ಉಳಿದರೂ ನಷ್ಟವಿಲ್ಲ. ಹೋಟೆಲಿನವರು ಇದನ್ನು ಮಾಡುವುದು ಅಪರೂಪ. ಅವರಿಗೆ ಶೆಟ್ಲಿ ತಲೆಯಿಲ್ಲದೆ, ಸಿಪ್ಪೆಯಿಲ್ಲದೆ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುತ್ತದೆ.

ತಲೆಯ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಶೆಟ್ಲಿಯ ತಲೆಯೊಳಗಿನ ಜೀರ್ಣಾಂಗದಲ್ಲಿರುವ ರಸಗಳು ಅದು ಸತ್ತ ಮೇಲೆ ತನ್ನದೇ ಮೈಯನ್ನು ಕರಗಿಸತೊಡಗುತ್ತವೆ. ಬುಟ್ಟಿಯಲ್ಲಿ ಮಧ್ಯಾಹ್ನದವರೆಗೆ ಐಸ್ ಇಲ್ಲದೆ ಉಳಿದ ಶೆಟ್ಲಿ ಹಿಂಡಿದರೆ ಹಿಟ್ಟಿನಂತಾಗುವುದು ಇದರಿಂದ. ಕುಮಟಾ, ಹೊನ್ನಾವರದ ಮೀನುಪೇಟೆಯಲ್ಲಿ ಕುಳಿತ ಹೆಂಗಸರು ಗಿರಾಕಿ ಒಪ್ಪಿದೊಡನೆ ಪಟಪಟನೆ ತಲೆ ಚಿವುಟುವುದು ಈ ಜ್ಞಾನದಿಂದಲೇ. ‘ಅಕ್ಕಾ, ತಲೆ ಹಾಂಗೇ ಇರಲಿ’ ಎಂದು ಹೇಳುವ ಗಿರಾಕಿ ಅದನ್ನು ಮನೆಗೆ ಒಯ್ದು ತಕ್ಷಣ ಒಲೆಗೆ ಹಾಕುವವನಾಗಿರಬೇಕು.

ಇನ್ನು ಚಿಂಗ್ರಿಯ ಬಂಗಾಳದ ಕಡೆಗೆ, ಕೋಲ್ಕತ್ತಾಕ್ಕೆ. ಅವಧದ ನವಾಬ ವಾಜಿದ್ ಅಲಿ ಶಾ 1856ರಲ್ಲಿ ಬ್ರಿಟಿಷರಿಂದ ರಾಜ್ಯ ಕಳೆದುಕೊಂಡು ಹೂಗ್ಲಿಯ ದಡದ ಮಟಿಯಾಬುರ್ಜ್‌ನಲ್ಲಿ ನೆಲೆಸಿದ. 1887ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೊಂದು ಪುಟ್ಟ ಲಖನೌವನ್ನೇ ನಡೆಸಿದ. ಅವನ ಬಾಣಸಿಗರ ಕೈಯಿಂದ ಇಳಿದುಬಂದ ಬಿರಿಯಾನಿಗೆ ಆಲೂಗಡ್ಡೆ ಸೇರಿತು. ಮಾಂಸಕ್ಕೆ ದುಡ್ಡು ಸಾಲದೆ ಆಲೂಗಡ್ಡೆ ಹಾಕಿದರೆಂಬ ಕತೆ ಎಲ್ಲ ಕಡೆ ಓಡಾಡುತ್ತಿದೆ. ನವಾಬನ ವಂಶಸ್ಥರು ಇದನ್ನು ಒಪ್ಪುವುದಿಲ್ಲ. ಆ ಕಾಲಕ್ಕೆ ಆಲೂಗಡ್ಡೆಯೇ ಹೊಸ ಬಗೆಯ ತರಕಾರಿಯಾಗಿತ್ತು, ಶೋಕಿಗೆ ಹಾಕಿದ್ದು ಎನ್ನುತ್ತಾರೆ. ಸಂಗತಿ ಏನೇ ಇರಲಿ, ಕೋಲ್ಕತ್ತಾ ಬಿರಿಯಾನಿಯ ಸ್ವಭಾವ ಮೆದು: ಖಾರ ಕಡಿಮೆ, ಕೇವಡಾ ಮತ್ತು ಗುಲಾಬಿ ನೀರಿನ ಪರಿಮಳ, ಕೊಬ್ಬು ಹೀರಿ ಉಬ್ಬಿದ ಆಲೂಗಡ್ಡೆ, ಜೊತೆಗೆ ಬೇಯಿಸಿದ ಮೊಟ್ಟೆ. ಅದರಲ್ಲಿ ಚಿಂಗ್ರಿ ಬಂದಾಗಲೂ ಪರಿಮಳವೇ ಯಜಮಾನ. ಭಟ್ಕಳದ ತಟ್ಟೆಯಲ್ಲಿ ಕೇವಡಾ ಇಲ್ಲ, ಆಲೂಗಡ್ಡೆ ಇಲ್ಲ. ಮೂಗಿಗೆ ಮೊದಲು ಬಡಿಯುವುದು ಬೆಳ್ಳುಳ್ಳಿ, ಆಮೇಲೆ ನಾಲಿಗೆಗೆ ಹಸಿಮೆಣಸು.

ಇಲ್ಲೊಂದು ತಮಾಷೆಯಿದೆ. ಹಿತ್ತಿಲಲ್ಲಿ ತೆಂಗು ಇಲ್ಲದ ಮನೆ ಭಟ್ಕಳದಿಂದ ಕುಮಟಾದವರೆಗೆ ಹುಡುಕಿದರೂ ಸಿಗುವುದು ಕಷ್ಟ. ಶೆಟ್ಲಿಯ ಸಾರಿಗೆ, ಸುಕ್ಕಕ್ಕೆ, ಪಲ್ಯಕ್ಕೆ ಕಾಯಿ ಇಲ್ಲದೆ ನಡೆಯುವುದಿಲ್ಲ. ಬಿರಿಯಾನಿಗೆ ಮಾತ್ರ ಇಲ್ಲಿ ಸಾಮಾನ್ಯವಾಗಿ ತೆಂಗು ಹಾಕುವುದಿಲ್ಲ. ಬಂಗಾಳದವರು ಚಿಂಗ್ರಿ ಎಂದರೆ ತೆಂಗಿನಹಾಲನ್ನೇ ನೆನೆಯುತ್ತಾರೆ. ಮಲಾಯಿ ಕರಿ ಅವರ ಹಬ್ಬದ ಅಡುಗೆ, ಪುಲಾವಿಗೂ ಆ ಹಾಲು ಇಳಿಯುವುದುಂಟು. ಭಟ್ಕಳದ ಕ್ರಮದಲ್ಲಿ ತೆಂಗಿನ ಸಿಹಿಗೆ ಜಾಗವಿಲ್ಲದ ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಕಿಲೋ ಈರುಳ್ಳಿಯ ಸಿಹಿ ಆಗಲೇ ಪಾತ್ರೆಯಲ್ಲಿದೆ, ಶೆಟ್ಲಿಯ ಸಿಹಿ ಅದರ ಮೇಲೆ ಬರುತ್ತದೆ. ಅದಕ್ಕೆ ಎದುರಾಗಿ ನಿಲ್ಲಲು ಹಸಿಮೆಣಸೂ ಟೊಮೆಟೊ ಹುಳಿಯೂ ಬೇಕು, ಮೂರನೆಯ ಸಿಹಿ ಬೇಡ.

ಎರಡೂ ಕಡೆಯವರು ಬಳಸುವ ಜೀವಿಯೂ ಒಂದೇ ಅಲ್ಲ. ಬಂಗಾಳದಲ್ಲಿ ಗೋಲ್ದಾ ಮತ್ತು ಬಾಗ್ದಾ ಎಂದು ಎರಡು ಹೆಸರು ಸದಾ ಕೇಳಿಬರುತ್ತವೆ. ನೀಲಿ ಕೈಗಳ, ದಪ್ಪ ತಲೆಯ ಗೋಲ್ದಾ ಸಿಹಿನೀರಿನದು. ಅದು ನದಿಯಲ್ಲಿ ಬೆಳೆದು ಮೊಟ್ಟೆ ಒಡೆಸಲು ಅಳಿವೆಯ ಉಪ್ಪುನೀರಿಗೆ ಇಳಿದುಬರುತ್ತದೆ. ಹುಲಿಪಟ್ಟೆಯ ಬಾಗ್ದಾದ ದಾರಿ ತಿರುವುಮುರುವು: ಹುಟ್ಟು ಸಮುದ್ರದಲ್ಲಿ, ಬಾಲ್ಯ ಅಳಿವೆಯ ಕಾಂಡ್ಲಾ ಗಿಡಗಳ ಬುಡದಲ್ಲಿ, ಪ್ರಾಯ ಬಂದ ಮೇಲೆ ಮರಳಿ ಕಡಲಿಗೆ. ಉತ್ತರ ಕನ್ನಡದ ಬುಟ್ಟಿಗಳಲ್ಲಿ ಬರುವ ಬಿಳಿ ಶೆಟ್ಲಿ, ಹುಲಿ ಶೆಟ್ಲಿಗಳದ್ದೂ ಇದೇ ಎರಡನೆಯ ದಾರಿ. ರುಚಿಯ ವ್ಯತ್ಯಾಸಕ್ಕೆ ಕಾರಣ ಈ ದಾರಿಯಲ್ಲೇ ಇದೆ. ಉಪ್ಪುನೀರಿನಲ್ಲಿ ಬದುಕುವ ಶೆಟ್ಲಿ ಹೊರಗಿನ ಉಪ್ಪಿಗೆ ಸರಿದೂಗಿಸಲು ತನ್ನ ಮೈಯ ಕೋಶಗಳಲ್ಲಿ ಗ್ಲೈಸಿನ್‌ನಂಥ ಅಮೈನೋ ಆಮ್ಲಗಳನ್ನು ತುಂಬಿಕೊಳ್ಳುತ್ತದೆ. ಗ್ಲೈಸಿನ್ ನಾಲಿಗೆಗೆ ಸಿಹಿ. ಸಮುದ್ರದ ಪಾಚಿ–ಹುಳುಗಳನ್ನು ತಿಂದದ್ದರಿಂದ ಬರುವ ಬ್ರೋಮೋಫೀನಾಲ್ ಎಂಬ ಪದಾರ್ಥಗಳು ಅದಕ್ಕೆ ಕಡಲಿನ ವಾಸನೆ ಕೊಡುತ್ತವೆ. ಸಿಹಿನೀರಿನ ಜಾತಿಗೆ ಈ ಎರಡೂ ಅಷ್ಟಿಲ್ಲ. ಬಂಗಾಳಿಗಳು ಗೋಲ್ದಾದ ತಲೆಯೊಳಗಿನ ಕೊಬ್ಬಿಗೆ ಜೀವ ಬಿಡುವುದು, ಅದನ್ನು ತಲೆಸಮೇತ ಬೇಯಿಸುವುದು ಸುಮ್ಮನೆ ಅಲ್ಲ. ಅದರ ರುಚಿ ಇರುವುದೇ ಅಲ್ಲಿ.

ಈ ಉಪ್ಪಿನ ಲೆಕ್ಕವನ್ನು ನೋಡಬೇಕೆಂದರೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ಹೋಗಬೇಕು. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುವ ಈ ಹೊಳೆಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು ಉಕ್ಕಿ ಬರುತ್ತದೆ, ಬೇಸಿಗೆಯಲ್ಲಿ ಉಬ್ಬರದ ಉಪ್ಪು ಮೈಲುಗಟ್ಟಲೆ ಒಳಗೆ ಹೋಗುತ್ತದೆ. ಈ ಏರಿಳಿತದ ಮೇಲೆ ನಿಂತಿರುವುದು ಗಜನಿ ಬೇಸಾಯ. ಅಳಿವೆಯ ಅಂಚಿನ ತಗ್ಗು ಭೂಮಿಗೆ ಒಡ್ಡು ಕಟ್ಟಿ, ನೀರು ಬಿಡಲು–ತಡೆಯಲು ಹಲಗೆಯ ಬಾಗಿಲಿಟ್ಟು, ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಸಣ್ಣ ಶೆಟ್ಲಿ ಮರಿಗಳೂ ಮೀನು ಮರಿಗಳೂ ಒಳಬರುತ್ತವೆ. ಕೊಳೆಯುವ ಭತ್ತದ ಕೂಳೆಯೇ ಅವುಗಳಿಗೆ ಮೇವಿನ ಮೂಲ. ಕೈಯಿಂದ ಹಾಕುವ ಆಹಾರವಿಲ್ಲ, ಔಷಧಿಯಿಲ್ಲ. ಅಮಾವಾಸ್ಯೆ–ಹುಣ್ಣಿಮೆಯ ದೊಡ್ಡ ಇಳಿತದ ರಾತ್ರಿಗಳಲ್ಲಿ ಬಾಗಿಲಿಗೆ ಬಲೆ ಕಟ್ಟುತ್ತಾರೆ. ನೀರು ಹೊರಗೆ ನುಗ್ಗುವಾಗ ಕಡಲಿನತ್ತ ಹೊರಟ ಶೆಟ್ಲಿ ಬಲೆಯ ಜೋಳಿಗೆಯಲ್ಲಿ ಬಂದು ಬೀಳುತ್ತದೆ. ಟಾರ್ಚಿನ ಬೆಳಕು ಬಿದ್ದರೆ ಅದರ ಕಣ್ಣುಗಳು ಕೆಂಪಗೆ ಹೊಳೆಯುತ್ತವೆ.

ಬಂಗಾಳದ ಸುಂದರಬನದ ಸೆರಗಿನಲ್ಲಿರುವ ಭೇರಿಗಳಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ: ಒಡ್ಡು, ಬಾಗಿಲು, ಉಬ್ಬರದ ಜೊತೆ ಬರುವ ಬಾಗ್ದಾ ಮರಿ. ಕೇರಳದ ಪೊಕ್ಕಾಳಿ, ಗೋವಾದ ಖಾಜನ್ ಇದರ ಒಡಹುಟ್ಟುಗಳು. ಬಿರಿಯಾನಿಯ ಕ್ರಮದಲ್ಲಿ ಕೋಲ್ಕತ್ತಾಕ್ಕೂ ಭಟ್ಕಳಕ್ಕೂ ದೂರವಿದ್ದರೂ ಶೆಟ್ಲಿ ಹಿಡಿಯುವ ಕೈಗಳು ಎರಡೂ ಕಡೆ ಒಂದೇ ಪಾಠ ಕಲಿತಿವೆ.

ಗಜನಿಯ ಕತೆ ಚೆನ್ನಾಗಿ ನಡೆದು ಬಂತೆಂದೇನೂ ಅಲ್ಲ. ಮಾಣಿಕಟ್ಟಾ ಮೊದಲಾದ ಕಡೆ ರೈತರೇ ವರ್ಷ ವರ್ಷ ಮಣ್ಣಿನ ಒಡ್ಡು ಕಟ್ಟುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಡಿ ಕಾಯಂ ಒಡ್ಡು ಕಟ್ಟಿಸಿತು. ಒಟ್ಟಾಗಿ ಒಡ್ಡು ಕಟ್ಟುವ ಕೆಲಸ ಇಲ್ಲವಾದಾಗ ಒಟ್ಟಾಗಿ ಬೇಸಾಯ ಮಾಡುವ ರೂಢಿಯೂ ಸಡಿಲಾಯಿತು. 1990ರ ದಶಕದ ಮೊದಲಲ್ಲಿ ರಫ್ತಿನ ಆಸೆಯಿಂದ ಹುಲಿ ಶೆಟ್ಲಿಯ ಕೆರೆಗಳು ಕರಾವಳಿಯುದ್ದಕ್ಕೂ ಎದ್ದವು. 1994ರಲ್ಲಿ ದೇಶಕ್ಕೆ ಕಾಲಿಟ್ಟ ಬಿಳಿಚುಕ್ಕೆ ರೋಗ ಅವುಗಳನ್ನು ಒಂದೆರಡು ವರ್ಷದಲ್ಲೇ ನೆಲಕ್ಕೆ ತಂದಿತು. ತಮಿಳುನಾಡಿನ ಗಾಂಧಿವಾದಿ ಎಸ್. ಜಗನ್ನಾಥನ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 11ರಂದು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಉದ್ಯಮದ ಕೆರೆಗಳನ್ನು ಕೆಡವಲು ಹೇಳಿತು. ಗಜನಿಯಂಥ ಸಾಂಪ್ರದಾಯಿಕ ಪದ್ಧತಿಗಳಿಗೆ ವಿನಾಯಿತಿ ಕೊಟ್ಟಿತು. ಈಗ ಪೇಟೆಗಳಲ್ಲಿ, ಹೋಟೆಲುಗಳಲ್ಲಿ ವರ್ಷವಿಡೀ ಸಿಗುವ ಒಂದೇ ಗಾತ್ರದ ನಸುಬಿಳಿ ಸಿಗಡಿ ಹೆಚ್ಚಾಗಿ ವನ್ನಾಮಿ. ಅದು ಅಮೆರಿಕದ ಪೆಸಿಫಿಕ್ ತೀರದ ಮೂಲದ್ದು. ಭಾರತದಲ್ಲಿ ಸಾಕಲು 2009ರಲ್ಲಿ ಅನುಮತಿ ಸಿಕ್ಕಿತು, ಹೆಚ್ಚು ಬೆಳೆಯುವುದು ಆಂಧ್ರದಲ್ಲಿ. ಬಿರಿಯಾನಿಗೆ ಅದು ನಡೆಯುತ್ತದೆ. ಆದರೆ ಬೇರೆ ಬೇರೆ ಗಾತ್ರದ ಗಜನಿ ಶೆಟ್ಲಿಯ ಪಕ್ಕದಲ್ಲಿಟ್ಟು ತಿಂದವರಿಗೆ ಅದು ಸಪ್ಪೆ ಅನ್ನಿಸಿದರೆ ಅವರನ್ನು ದೂರುವಂತಿಲ್ಲ. ಈ ಗಜನಿ ಶೆಟ್ಲಿಯ ಮನೆಯಾದ ಅಘನಾಶಿನಿ ಅಳಿವೆ 2024ರ ಜನವರಿ ಕೊನೆಯಲ್ಲಿ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದೆ.

ಹೊನ್ನಾವರದ ಶರಾವತಿ ಇದಕ್ಕೆ ಉಲ್ಟಾ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಇಳಿಯತೊಡಗಿತು; ಗೇರುಸೊಪ್ಪೆಯಲ್ಲಿ ಇನ್ನೊಂದು ಕಟ್ಟೆ ಆಮೇಲೆ ಬಂತು. ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರದಾಯಿತು. ಒಂದು ಕಾಲಕ್ಕೆ ಹೊಳೆಯಲ್ಲಿ ಬುಟ್ಟಿಗಟ್ಟಲೆ ಸಿಗುತ್ತಿದ್ದ ಬಳಚು ಚಿಪ್ಪು ಬಹುಮಟ್ಟಿಗೆ ಕಾಣೆಯಾದುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಹೊನ್ನಾವರದ ಶೆಟ್ಲಿ ಈಗ ಹೆಚ್ಚಾಗಿ ಕಾಸರಕೋಡು ಟೊಂಕದ ಬಂದರಿಗೆ ಕಡಲಿನಿಂದ ಬರುತ್ತದೆ. ವಿದ್ಯುತ್ತಿಗೂ ಬಿರಿಯಾನಿಗೂ ಸಂಬಂಧ ಹುಡುಕುವುದು ಹೆಚ್ಚಾಯಿತು ಎನ್ನುವವರಿಗೆ ಬಳಚು ಆರಿಸಿ ಬದುಕುತ್ತಿದ್ದವರು ಬೇರೆ ಉತ್ತರ ಕೊಡುತ್ತಾರೆ.

ಈರುಳ್ಳಿಗೆ ಮರಳಿದರೆ, ಅದಕ್ಕೂ ಕುಮಟಾದ ಹೆಸರಿದೆ. ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿ ಸುತ್ತಿನ ಮರಳು ಮಿಶ್ರಿತ ಗದ್ದೆಗಳಲ್ಲಿ ಭತ್ತದ ಕೊಯ್ಲಿನ ನಂತರ ಬೆಳೆಯುವ ಸಿಹಿ ಈರುಳ್ಳಿ ಬೇಸಿಗೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಗೆ ಬರುತ್ತದೆ. ಒಣಗಿದ ಎಲೆಗಳನ್ನೇ ಜಡೆ ಹೆಣೆದು ಗೊಂಚಲು ಮಾಡಿ, ಗಳಗಳಿಗೆ ಸಾಲಾಗಿ ತೂಗುಹಾಕಿರುತ್ತಾರೆ. ಕಾರು ನಿಲ್ಲಿಸಿ ಚೌಕಾಸಿ ಮಾಡದವರು ಕಡಿಮೆ. ಕರಾವಳಿಯ ಮನೆಗಳಲ್ಲಿ ಇವು ಮಳೆಗಾಲದ ದಾಸ್ತಾನು; ಅಡುಗೆಮನೆಯ ಜಂತಿಗೆ ನೇತುಹಾಕಿದರೆ ಒಲೆಯ ಬಿಸಿಗೆ ಕೊಳೆಯದೆ ಉಳಿಯುತ್ತವೆ. ಈರುಳ್ಳಿಯ ಘಾಟು ಗಂಧಕದ ಸಂಯುಕ್ತಗಳಿಂದ ಬರುವುದು. ಗಂಧಕ ತೊಳೆದುಹೋಗುವ ಮರಳು ನೆಲದಲ್ಲಿ ಬೆಳೆದ ಈರುಳ್ಳಿ ಸಾಮಾನ್ಯವಾಗಿ ಮೆದುವಾಗಿರುತ್ತದೆ. ವರ್ಷದ ಉಳಿದ ದಿನಗಳಲ್ಲಿ ಭಟ್ಕಳದ ಪಾತ್ರೆಗೆ ಘಟ್ಟದ ಮೇಲಿನ ಈರುಳ್ಳಿಯೇ ಗತಿ. ಅದರಲ್ಲಿ ಬಿರಿಯಾನಿ ಕೆಡುವುದಿಲ್ಲ. ಕುಮಟಾದ ಗೊಂಚಲು ಸಿಕ್ಕಿದಾಗ ಮಾತ್ರ ಹಸಿಮೆಣಸು ಒಂದೆರಡು ಹೆಚ್ಚಿಗೆ ಹಾಕುವುದು ಒಳಿತು, ಇಲ್ಲದಿದ್ದರೆ ಮಸಾಲೆ ಸಿಹಿಗೆ ವಾಲುತ್ತದೆ.

ಅಕ್ಕಿ ಮಾತ್ರ ಈ ನೆಲದ್ದಲ್ಲ. ಕಗ್ಗದ ಕೆಂಪು ದಪ್ಪ ಅನ್ನ ಶೆಟ್ಲಿ ಸಾರಿಗೆ ಸೊಗಸು, ಬಿರಿಯಾನಿಗೆ ಒಗ್ಗದು. ಭಟ್ಕಳದಲ್ಲಿ ಇವತ್ತು ಉತ್ತರದಿಂದ ಬರುವ ಬಾಸ್ಮತಿ ನಡೆಯುತ್ತದೆ. ಕೇರಳದ ತಲಶ್ಶೇರಿಯವರು ತಮ್ಮ ಗಿಡ್ಡ ಕೈಮಾ ಅಕ್ಕಿಯನ್ನು ಬಿಟ್ಟುಕೊಡದೆ ಉಳಿಸಿಕೊಂಡರು. ಭಟ್ಕಳ ಅಕ್ಕಿಯ ವಿಷಯದಲ್ಲಿ ವರ್ತಕರ ಊರಿನಂತೆ ನಡೆದುಕೊಂಡಿತು. ಆ ಊರು ಅಕ್ಕಿಯ ಪೇಟೆಯಾಗಿಯೇ ಹೆಸರು ಮಾಡಿದ್ದು ಎಂಬುದನ್ನೂ ಹೇಳಬೇಕು. ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಈ ಬಂದರಿನಿಂದ ಹೊರ್ಮುಜ್‌ನ ಹಡಗುಗಳು ಅಕ್ಕಿ, ಸಕ್ಕರೆ, ಕಬ್ಬಿಣ ತುಂಬಿಕೊಂಡು ಹೋಗುತ್ತಿದ್ದವೆಂದು ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ ಹದಿನಾರನೆಯ ಶತಮಾನದ ಮೊದಲಲ್ಲಿ ಬರೆದಿದ್ದಾನೆ. 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳವನ್ನು ಬೆದರಿಸಿ ಹಾಕಿದ ವಾರ್ಷಿಕ ಕಪ್ಪವೂ ಅಕ್ಕಿಯೇ: ನಾವಿಕರಿಗೆ 1,000 ಮೂಟೆ ಸಾಧಾರಣ ಅಕ್ಕಿ, ಕಪ್ತಾನರಿಗೆ 500 ಮೂಟೆ ಒಳ್ಳೆಯ ಅಕ್ಕಿ ಎಂದು ಪೋರ್ಚುಗೀಸ್ ಇತಿಹಾಸಕಾರ ಗಾಸ್ಪರ್ ಕೊರೆಯಾ ದಾಖಲಿಸಿದ್ದಾನೆ. ಹಡಗಿನಲ್ಲೂ ಪಂಕ್ತಿಭೇದ. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ತಿಂ ಅಫೊನ್ಸೊ ದ ಸೌಸ ಅದೇ ಊರನ್ನು ಸುಟ್ಟ.

ಅದಕ್ಕೂ ಎರಡು ನೂರು ವರ್ಷ ಹಿಂದೆ ಹೊನ್ನಾವರದ ಊಟ ಹೇಗಿತ್ತೆಂಬುದಕ್ಕೆ ಒಬ್ಬ ಸಾಕ್ಷಿಯಿದ್ದಾನೆ. 1340ರ ದಶಕದಲ್ಲಿ ಇಲ್ಲಿಗೆ ಬಂದ ಮೊರಾಕೊದ ಇಬ್ನ್ ಬತೂತ, ಸುಲ್ತಾನ ಜಮಾಲುದ್ದೀನನ ಪಂಕ್ತಿಯನ್ನು ಬಡಿಸಿದ ಕ್ರಮದಲ್ಲೇ ಬರೆದಿಟ್ಟಿದ್ದಾನೆ. ತಾಮ್ರದ ಸೌಟಿನಲ್ಲಿ ಅನ್ನ, ಅದರ ಮೇಲೆ ತುಪ್ಪ, ಬದಿಯಲ್ಲಿ ಕಾಳುಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಮತ್ತೆ ಅನ್ನದ ಜೊತೆ ಕೋಳಿ, ಆಮೇಲೆ ಅನ್ನದ ಜೊತೆ ಮೀನು, ಆಮೇಲೆ ಅನ್ನದ ಜೊತೆ ತುಪ್ಪದಲ್ಲಿ ಬೆಂದ ತರಕಾರಿ, ಕೊನೆಗೆ ಮೊಸರು. ಮುಂದೆ ಇದೇ ಸುಲ್ತಾನನ ಬಳಿ ಹನ್ನೊಂದು ತಿಂಗಳು ಇದ್ದಾಗ ಒಂದು ತುಂಡು ರೊಟ್ಟಿ ಕಾಣಲಿಲ್ಲವೆಂದು ಅವನ ಗೋಳು. ಗೋಧಿಯ ನಾಡಿನವನಿಗೆ ಕರಾವಳಿ ಕೊಟ್ಟ ಶಿಕ್ಷೆ ಅದು. ಆ ಪಂಕ್ತಿಯಲ್ಲಿ ಬಿರಿಯಾನಿ ಇರಲಿಲ್ಲ. ಇಂದಿನ ಭಟ್ಕಳ ಮಸಾಲೆಯ ಹಸಿಮೆಣಸು, ಟೊಮೆಟೊ ಎರಡೂ ಇರುವ ಸಾಧ್ಯತೆಯೇ ಇರಲಿಲ್ಲ. ಅವು ಅಮೆರಿಕದಿಂದ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಆದರೆ ಅನ್ನವನ್ನು ಬಿಳಿಯಾಗಿಯೇ ಇಟ್ಟು ರುಚಿಯನ್ನು ಪಕ್ಕದಲ್ಲಿ ಕೊಡುವ ಮನಸ್ಸು ಆಗಲೇ ಕಾಣುತ್ತದೆ. ಖಾರಕ್ಕೆ ಕಾಳುಮೆಣಸೇ ಸಾಕಾಗಿದ್ದ ನಾಡಿದು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು.

ನವಾಯತರು ಅರಬ್–ಪರ್ಷಿಯಾ ಕಡೆಯ ವರ್ತಕರ ಸಂತತಿಯೆಂದು ಹೇಳಿಕೊಳ್ಳುತ್ತಾರೆ. ಮಾತಾಡುವುದು ಕೊಂಕಣಿಯ ಒಂದು ಬಗೆ, ಬರೆಯುವುದು ಅರಬ್ಬಿ–ಫಾರಸಿ ಲಿಪಿಯಲ್ಲಿ. ಭಟ್ಕಳವಷ್ಟೇ ಅಲ್ಲ, ಮುರ್ಡೇಶ್ವರ, ಮಂಕಿ, ಶರಾವತಿ ದಡದ ಉಪ್ಪೋಣಿ, ವಲ್ಕಿಯಂಥ ಹಳ್ಳಿಗಳಲ್ಲೂ ಇವರ ಮನೆಗಳಿವೆ. ಇವರ ಅಡುಗೆಯ ಕ್ರಮ ಎಷ್ಟು ಗಟ್ಟಿಯೆಂದರೆ ಅಕ್ಕಿಯನ್ನೇ ತೆಗೆದರೂ ಬಿರಿಯಾನಿ ನಿಲ್ಲುತ್ತದೆ. ಕೆಳಗೆ ಅದೇ ಈರುಳ್ಳಿ ಮಸಾಲೆ, ಮೇಲೆ ಅನ್ನದ ಬದಲು ಶಾವಿಗೆ. ಶಾವಿಗೆ ಬಿರಿಯಾನಿ ಹೊರಗಿನವರಿಗೆ ವಿಚಿತ್ರ, ಭಟ್ಕಳದಲ್ಲಿ ಮಾಮೂಲು. ಶೆಟ್ಲಿ ಹಾಕಿದ ಶಾವಿಗೆ ಬಿರಿಯಾನಿ ಇನ್ನೂ ಸಲೀಸು, ಎರಡೂ ನಿಮಿಷಗಳಲ್ಲಿ ಬೇಯುವಂಥವು.

ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಕೆಲಸ ಇನ್ನೂ ಚುರುಕು. ಬೆಳಿಗ್ಗೆಯೇ ಮಾಡಿಟ್ಟ ಒಂದೇ ಮಸಾಲೆಗೆ ಗಿರಾಕಿ ಕೇಳಿದ್ದನ್ನು ಸೇರಿಸಿ, ಮೇಲೆ ಅನ್ನ ಹಾಕಿ ಬಿಸಿ ಮಾಡಿ ಕೊಡುವುದುಂಟು. ಕುರಿ, ಕೋಳಿಗೆ ಇದು ಅನ್ಯಾಯ, ಮಸಾಲೆ ಒಳಗೆ ಇಳಿದಿರುವುದಿಲ್ಲ. ಶೆಟ್ಲಿಗೆ ಇದೇ ಸರಿ, ಕೇಳಿದ ಮೇಲೆ ಹಾಕಿದ್ದು ಬೆಳಿಗ್ಗೆಯೇ ಬೇಯಿಸಿಟ್ಟದ್ದಕ್ಕಿಂತ ನೂರು ಪಾಲು ಮೇಲು. ದೊಡ್ಡ ಹುಲಿ ಶೆಟ್ಲಿ ತಟ್ಟೆಯ ಮೇಲೆ ಬಾಲ ಎತ್ತಿ ಕೂತಿದ್ದರೆ ನೋಡಲು ಭರ್ಜರಿ. ತಿನ್ನಲು ಒಂದು ತಟ್ಟೆಗೆ ಹತ್ತು–ಹನ್ನೆರಡು ಬರುವ ನಡುಗಾತ್ರದ್ದೇ ಒಳ್ಳೆಯದು, ಪ್ರತಿ ತುತ್ತಿಗೂ ಒಂದು ಸಿಗುತ್ತದೆ. ಮನೆಗಳಲ್ಲಿ ಕೊಳ್ಳುವುದೂ ಅದನ್ನೇ, ದೊಡ್ಡದು ಹೇಗೂ ರಫ್ತಿಗೆ ಹೋಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕರ್ನಾಟಕದ ಕರಾವಳಿಯಲ್ಲಿ ನಿಷೇಧ. ಆ ಎರಡು ತಿಂಗಳು ಭಟ್ಕಳದ ಮಾವಿನಕುರ್ವೆ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿರುತ್ತವೆ. ಪೇಟೆಗೆ ಬರುವುದು ನಾಡದೋಣಿಯವರು ತಂದದ್ದು, ಹೊಳೆಯಲ್ಲಿ ಬಲೆ ಬೀಸಿ ಹಿಡಿದದ್ದು, ಇಲ್ಲವೇ ಕೆರೆಯ ವನ್ನಾಮಿ. ಮೊದಲೆರಡಕ್ಕೆ ರೇಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆಗಸ್ಟಿನಲ್ಲಿ ಬೋಟುಗಳು ಹೊರಬಿದ್ದು ಮೊದಲ ಬಲೆಗಳು ಬಂದ ಮೇಲೆ ರೇಟು ಇಳಿಯುತ್ತದೆ. ಜಂತಿಯಲ್ಲಿ ತೂಗುವ ಕುಮಟಾ ಈರುಳ್ಳಿ ಆ ಹೊತ್ತಿಗೆ ಕೊನೆಯ ಗೊಂಚಲಿಗೆ ಬಂದಿರುತ್ತದೆ, ಮೊಳಕೆ ಬರುವ ಮೊದಲು ಅದನ್ನೂ ಖಾಲಿ ಮಾಡಬೇಕು.